ಊರಬಾಗಿಲ ಸುಂಕ

ಪಟ್ಟಣವೊಂದು ತನ್ನ ಬೀದಿಗಳನ್ನು ಗುಡಿಸಿ, ದೀಪಗಳನ್ನು ಹಚ್ಚಿ, ಕುಡಿಯುವ ನೀರನ್ನು ಒದಗಿಸಿಕೊಳ್ಳಲು ಬೇಕಾದ ದ್ರವ್ಯವನ್ನು ಎಲ್ಲಿಂದ ಸಂಪಾದಿಸಬೇಕೆಂಬ ಪ್ರಶ್ನೆಗೆ ಕನ್ನಡನಾಡಿನ ಊರುಗಳು ಬಹುಕಾಲ ತಮ್ಮ ಬಾಗಿಲಿನಲ್ಲಿಯೇ ಉತ್ತರವನ್ನು ಕಂಡುಕೊಂಡಿದ್ದವು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ಸುಂಕಗಳು ಪದೇ ಪದೇ ಬರುತ್ತವೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕಸಂಘಗಳು ವೀಳ್ಯದೆಲೆಯ ಹೇರಿಗೆ ಇಷ್ಟು, ಗಾಣದ ಎಣ್ಣೆಯಲ್ಲಿ ಇಷ್ಟು ಎಂದು ತಾವೇ ಗೊತ್ತುಮಾಡಿ ದೇವಾಲಯದ ನಂದಾದೀಪಕ್ಕೆ ಬಿಟ್ಟುಕೊಟ್ಟುದೂ ಉಂಟು. ಸುಂಕದ ಒಡೆತನ ಅರಸನದಾಗಿದ್ದರೂ, ಊರಿಗೆ ಬಂದ ಸರಕಿನಲ್ಲಿ ಒಂದಂಶವನ್ನು ಊರಿನ ಕಾರ್ಯಕ್ಕೆಂದು ತೆಗೆದಿಡುವ ವಾಡಿಕೆ ಜನರಿಗೆ ಅಪರಿಚಿತವಾಗಿರಲಿಲ್ಲ.

1862ರಲ್ಲಿ ಬೆಂಗಳೂರಿನಲ್ಲಿಯೂ ತರುವಾಯ ಮೈಸೂರು ಸಂಸ್ಥಾನದ ಇತರ ಪಟ್ಟಣಗಳಲ್ಲಿಯೂ ಪೌರಮಂಡಲಿಗಳು ಏರ್ಪಟ್ಟಾಗ, ಮನೆ, ಅಂಗಡಿ, ಮಗ್ಗಗಳ ಮೇಲಣ ಮೊಹತರ್ಫದೊಡನೆ ಈ ಪ್ರವೇಶಸುಂಕವೂ ಅವುಗಳ ಆದಾಯವಾಯಿತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿಗಳ ಕಡೆ ಜನ ಇದನ್ನು ಜಕಾತಿ ಎಂದರು. ಅದನ್ನು ವಸೂಲುಮಾಡುವ ಕಟ್ಟೆಗೆ ನಾಕಾ ಎಂದರು. 1882ರ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರಿಪನ್ನನ ನಿರ್ಣಯವು ಸ್ಥಳೀಯ ಸ್ವಯಮಾಡಳಿತವನ್ನು ರಾಜಕೀಯ ಶಿಕ್ಷಣದ ಸಾಧನವೆಂದು ಸಾರಿದಾಗ, ಆ ಶಿಕ್ಷಣದ ವೆಚ್ಚವನ್ನು ಅನೇಕ ಊರುಗಳಲ್ಲಿ ಹೊತ್ತುದು ಈ ನಾಕಾಗಳೇ.

ಅದರ ವ್ಯವಹಾರ ಹೀಗಿತ್ತು. ಊರನ್ನು ಪ್ರವೇಶಿಸುವ ದಾರಿಗಳಲ್ಲಿ ಸಣ್ಣ ಚಾವಡಿ, ಅಡ್ಡಲಾಗಿ ಒಂದು ಮರದ ತಡೆ, ತಕ್ಕಡಿ, ರಸೀದಿಪುಸ್ತಕ, ಒಬ್ಬ ಗುಮಾಸ್ತ. ಧಾನ್ಯ, ತುಪ್ಪ, ಸೌದೆ, ಎಣ್ಣೆ, ಹೊಗೆಸೊಪ್ಪು, ಬಟ್ಟೆ, ಲೋಹ, ಮನೆಕಟ್ಟುವ ಸಾಮಗ್ರಿ ಇವಕ್ಕೆ ಕೆಲವೆಡೆ ತೂಕದ ಮೇಲೆ, ಕೆಲವೆಡೆ ಬೆಲೆಯ ಮೇಲೆ ದರ. ಊರನ್ನು ಹಾದುಹೋಗುವ ಮಾತ್ರದ ಸರಕಿಗೆ ರಹದಾರಿ. ಇಲ್ಲವೆ, ಕಟ್ಟಿದ ಹಣ ಹೊರದಾರಿಯ ನಾಕಾದಲ್ಲಿ ವಾಪಸು. ಕೆಲವು ಊರುಗಳು ಈ ಕೆಲಸದ ತಾಪತ್ರಯವೇ ಬೇಡವೆಂದು ವಸೂಲಿಯನ್ನು ಗುತ್ತಿಗೆಗೆ ಹರಾಜುಮಾಡಿದವು. ಅಲ್ಲಿ ಗುತ್ತಿಗೆದಾರನ ಲಾಭವೂ ರೈತನ ಹೇರಿನಿಂದಲೇ ಹೊರಡಬೇಕಾಯಿತು.

ಈ ಸುಂಕವನ್ನು ನಾನು ಸಮರ್ಥಿಸಲಾರೆ. ಉಣ್ಣುವ ಕಾಳಿನ ಮೇಲೂ ಉರಿಸುವ ಸೌದೆಯ ಮೇಲೂ ಬೀಳುವ ತೆರಿಗೆ ಬಡವನ ಗಳಿಕೆಯಲ್ಲಿ ಧನಿಕನದಕ್ಕಿಂತ ದೊಡ್ಡ ಅಂಶವನ್ನು ಕಬಳಿಸುತ್ತದೆ. ಬಂಡಿಗಳ ಕಾಲ ಕಳೆದು ಲಾರಿಗಳ ಕಾಲ ಬಂದ ಮೇಲೆ ಊರೂರಿಗೂ ನಿಂತು ನಿಂತು ಸಾಗಬೇಕಾದ ವಾಣಿಜ್ಯದ ಕಷ್ಟವೂ, ತಡೆಯೆತ್ತುವ ಕೈಗೆ ಸಲ್ಲುತ್ತಿದ್ದ ಕಾಣಿಕೆಯೂ ಸಾಮಾನ್ಯವಲ್ಲ. ಆದರೂ ಅದರಲ್ಲಿ ಒಂದು ಗುಣವಿತ್ತು: ಪೇಟೆ ಬೆಳೆದಂತೆ ಊರಿನ ಬೊಕ್ಕಸವೂ ತಾನಾಗಿ ಬೆಳೆಯುತ್ತಿತ್ತು, ಹಣ ದಿನದಿನವೂ ಕೈಸೇರುತ್ತಿತ್ತು, ಅದಕ್ಕಾಗಿ ಯಾರಿಗೂ ಅರ್ಜಿ ಬರೆಯಬೇಕಾಗಿರಲಿಲ್ಲ.

1979ರಲ್ಲಿ ಕರ್ನಾಟಕವು ಈ ಸುಂಕವನ್ನು ರದ್ದುಪಡಿಸಿತು. ಅದರ ಸ್ಥಾನದಲ್ಲಿ ಬಂದ ಪ್ರವೇಶತೆರಿಗೆ ರಾಜ್ಯದ ಖಜಾನೆಯನ್ನು ಸೇರಿತು. ಪುರಸಭೆಗಳಿಗೆ ನಷ್ಟಪರಿಹಾರವೆಂದು ಅನುದಾನ ಬಂದಿತು. ವ್ಯಾಪಾರಿಗೆ ಆದ ಉಪಕಾರ ನಿಜವಾದುದು. ಆದರೆ ತಾನು ದುಡಿದು ತರುತ್ತಿದ್ದ ಹಣವನ್ನು ಪಟ್ಟಣವು ಇನ್ನೊಬ್ಬರ ಕೈಯಿಂದ ಪಡೆಯುವಂತಾದುದರ ಫಲವನ್ನು ಆ ದಿನ ಅಷ್ಟಾಗಿ ಆಲೋಚಿಸಿದಂತೆ ತೋರದು. ನಾಕಾ ಎತ್ತಿದ ವರ್ಷವೇ ಮನೆಕಂದಾಯವನ್ನು ನ್ಯಾಯವಾಗಿ ಪರಿಷ್ಕರಿಸಿ, ಇದ್ದವನಿಂದ ಇದ್ದಷ್ಟಕ್ಕೆ ತಕ್ಕಂತೆ ಎತ್ತುವ ಧೈರ್ಯವನ್ನು ನಗರಗಳಿಗೆ ಕಲಿಸಿದ್ದರೆ ಬಡವನ ಹೊರೆಯೂ ಇಳಿಯುತ್ತಿತ್ತು, ಊರಿನ ಮಾನವೂ ಉಳಿಯುತ್ತಿತ್ತು. ನೆರೆಮನೆಯವನ ಕಂದಾಯವನ್ನು ಏರಿಸಿ ಅವನ ಮತವನ್ನೂ ಕೇಳಬೇಕಾದ ಸದಸ್ಯನಿಗೆ ಅನುದಾನವೇ ಸುಲಭವಾಗಿ ಕಂಡಿತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ರಾಜ್ಯದ ಹಣಕಾಸು ಆಯೋಗವು ಪಟ್ಟಣಗಳ ಪಾಲನ್ನೂ ಪರಿಶೀಲಿಸಬೇಕೆಂದು ವಿಧಿಸಿತು. ಇದರಿಂದ ಬೇಡಿಕೆಗೆ ಒಂದು ನಿಯಮ ದೊರೆಯಿತು, ಗಳಿಕೆಗೆ ಹೊಸ ದಾರಿಯೇನೂ ತೆರೆಯಲಿಲ್ಲ. ಸರಕು ಮತ್ತು ಸೇವಾ ತೆರಿಗೆಗೆ ಎಡೆಮಾಡಲು 2016ರಲ್ಲಿ ಆದ 101ನೆಯ ತಿದ್ದುಪಡಿಯು, ಸ್ಥಳೀಯ ಪ್ರದೇಶವನ್ನು ಪ್ರವೇಶಿಸುವ ಸರಕಿನ ಮೇಲಣ ತೆರಿಗೆಯನ್ನು ಹೇಳುತ್ತಿದ್ದ 52ನೆಯ ನಮೂದನ್ನೇ ರಾಜ್ಯಪಟ್ಟಿಯಿಂದ ತೆಗೆದುಹಾಕಿತು.