ಲಂಕೆಯ ಚಹಾ ತೋಟಗಳಲ್ಲಿ ದಾನ ಮತ್ತು ಹಕ್ಕು

ಶ್ರೀಲಂಕೆಯ ನುವರ ಎಲಿಯ, ಬದುಳ್ಳ ಮತ್ತು ಕ್ಯಾಂಡಿ ಸೀಮೆಗಳಲ್ಲಿ ನೆಲೆಸಿ, ತಮ್ಮನ್ನು ಮಲೈಯಹ ತಮಿಳರು, ಅಂದರೆ ಬೆಟ್ಟಸೀಮೆಯ ತಮಿಳರು ಎಂದು ಕರೆದುಕೊಳ್ಳುವವರ ಪೂರ್ವಜರು 19ನೆಯ ಶತಮಾನದಲ್ಲಿ ತಮಿಳುನಾಡಿನ ಬರಪೀಡಿತ ಊರುಗಳಿಂದ ಮೊದಲು ಕಾಫಿ ತೋಟಗಳಿಗೂ, 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗಕ್ಕೆ ಕಾಫಿ ಬಲಿಯಾದ ಮೇಲೆ ಚಹಾ ತೋಟಗಳಿಗೂ ಬಂದವರು. ಅವರನ್ನು ಕರೆತರುತ್ತಿದ್ದ ಕಂಗಾಣಿ ಎಂಬ ಮೇಸ್ತ್ರಿಯು ದಾರಿಯ ಖರ್ಚನ್ನು ಮುಂಗಡವಾಗಿ ಕೊಟ್ಟು ಸಾಲಗಾರರನ್ನಾಗಿಸುತ್ತಿದ್ದನು. ತೋಟದಿಂದ ಸಿಗುತ್ತಿದ್ದ ಅಕ್ಕಿಯ ಬೆಲೆಯೂ ಕೂಲಿಯಲ್ಲಿಯೇ ಮುರಿದುಹೋಗುತ್ತಿದ್ದುದರಿಂದ, ದೊರೆಯ ಕೃಪೆಯೆಂದು ತೋರುತ್ತಿದ್ದುದು ವಾಸ್ತವವಾಗಿ ದುಡಿದವರ ಹಣವೇ ಆಗಿತ್ತು.

ಹೊರಗಿನ ನೆರವು ಬಂದುದೂ ತೋಟದ ಬಾಗಿಲಿನ ಮೂಲಕವೇ. 1854ರಲ್ಲಿ ಆರಂಭವಾದ ಆಂಗ್ಲಿಕನ್ ಮಿಷನ್ನಿನ ತಮಿಳು ಕೂಲಿ ಶಾಖೆಯು ತೋಟಗಳಲ್ಲಿ ಶಾಲೆಗಳನ್ನು ತೆರೆಯಿತಾದರೂ, ಅದಕ್ಕೆ ತೋಟದ ಮಾಲೀಕರ ಚಂದಾ ಮತ್ತು ಒಪ್ಪಿಗೆ ಎರಡೂ ಬೇಕಿದ್ದವು. 1872ರ ವೈದ್ಯಕೀಯ ಶಾಸನವು ಕೂಲಿಗಳ ಚಿಕಿತ್ಸೆಯನ್ನು ತೋಟಗಳ ಹೊಣೆಗೆ ತಂದಿತು, 1907ರ ಶಾಸನವು ಮಕ್ಕಳ ಶಿಕ್ಷಣವನ್ನೂ ಅದೇ ಹೊಣೆಗೆ ಸೇರಿಸಿತು. ಆದರೆ ಚಿಕ್ಕ ವಯಸ್ಸಿನಲ್ಲಿಯೇ ಮಕ್ಕಳು ದುಡಿಮೆಗಿಳಿಯುತ್ತಿದ್ದ ವ್ಯವಸ್ಥೆಯಲ್ಲಿ ಓದಿಗೆ ಉಳಿಯುತ್ತಿದ್ದ ಹೊತ್ತು ತೀರ ಕಡಿಮೆ. ಲಯಮ್ ಎಂದು ಹೆಸರಾದ, ಒಂದಕ್ಕೊಂದು ಗೋಡೆ ಹಂಚಿಕೊಂಡ ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ಇಡೀ ಕುಟುಂಬವೇ ಇರಬೇಕಾಗಿದ್ದುದನ್ನು ಈ ಯಾವ ಉಪಕಾರವೂ ಬದಲಿಸಲಿಲ್ಲ.

ಸ್ವಾತಂತ್ರ್ಯ ಬಂದ ಬಳಿಕ ಈ ಜನರ ಸ್ಥಿತಿ ಮತ್ತಷ್ಟು ಬಿಗಡಾಯಿಸಿತು. 1948ರ ಪೌರತ್ವ ಕಾಯ್ದೆಯಿಂದ ಬಹುಪಾಲು ತೋಟದ ತಮಿಳರು ಯಾವ ದೇಶಕ್ಕೂ ಸೇರದವರಾದರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದವು ಅವರ ಪೈಕಿ 5,25,000 ಜನರನ್ನು ಭಾರತಕ್ಕೂ 3,00,000 ಜನರನ್ನು ಲಂಕೆಗೂ ಹಂಚಿತು. ಹಾಗೆ ಮರಳಿದವರಲ್ಲಿ ಕೆಲವು ಕುಟುಂಬಗಳು ಕರ್ನಾಟಕದ ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಂಡವು. ಲಂಕೆಯಲ್ಲಿ ಉಳಿದವರನ್ನು 1973–74ರ ಆಹಾರದ ಅಭಾವವು ತೀವ್ರವಾಗಿ ಕಾಡಿತು. ಅದಕ್ಕೆ ಒಂದು ವರ್ಷ ಮೊದಲು ಕ್ಯಾಂಡಿಯಲ್ಲಿ ಜೆಸ್ವಿಟ್ ಪಾದ್ರಿ ಪಾಲ್ ಕ್ಯಾಸ್ಪರ್ಸ್ ಸ್ಥಾಪಿಸಿದ್ದ ಸತ್ಯೋದಯ ಸಂಸ್ಥೆಯು ಸಿಂಹಳೀಯರನ್ನೂ ತಮಿಳರನ್ನೂ ಒಟ್ಟಿಗೆ ಕೂರಿಸಿ ಈ ಜನರ ಹಕ್ಕಿನ ಮಾತನ್ನು ಎತ್ತಿತು. ಹಿಂದಿನ ಮಿಷನ್ನುಗಳಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ: ಅವು ಕೂಲಿಯವನ ಆತ್ಮವನ್ನೂ ಅಕ್ಷರವನ್ನೂ ಚಿಂತಿಸಿದವು, ಇದು ಅವನ ಮತವನ್ನೂ ಮಜೂರಿಯನ್ನೂ ಪ್ರಶ್ನೆಯಾಗಿಸಿತು.

ಪೌರತ್ವವಿಲ್ಲದವನಿಗೆ ದಾನ ಕೊಡಬಹುದು, ಆದರೆ ಅವನು ಅದನ್ನು ಹಕ್ಕಾಗಿ ಕೇಳಲಾರನು. ತೋಟದ ಕುಟುಂಬಗಳಿಗೆ ದೊರೆತ ನೆರವು ಒಂದು ಶತಮಾನ ಕಾಲ ದುರ್ಬಲವಾಗಿಯೇ ಉಳಿದುದಕ್ಕೆ ಇದೇ ಮುಖ್ಯ ಕಾರಣವೆನ್ನಬೇಕು. ಪೌರತ್ವದ ತೊಡಕು 2003ರ ಕಾಯ್ದೆಯಿಂದ ಬಹುಮಟ್ಟಿಗೆ ಬಗೆಹರಿದಿದ್ದರೂ, ಲಯಮ್‌ಗಳಲ್ಲಿ ಉಳಿದಿರುವ ಹೆಚ್ಚಿನ ಕುಟುಂಬಗಳಿಗೆ ತಾವು ವಾಸಿಸುವ ನೆಲದ ಒಡೆತನ ಇನ್ನೂ ಸಿಕ್ಕಿಲ್ಲ.