ವಿದುರನ ಅಶ್ವತ್ಥ

ದಾಯಾದಿಗಳ ಯುದ್ಧವನ್ನೂ ಅದ್ಭುತವನ್ನೂ ಒಂದೇ ಕಥೆಯಲ್ಲಿ ಹೆಣೆಯುವುದು ನಮಗೆ ಹೊಸದಲ್ಲ. ಮಹಾಭಾರತವೇ ಅಂಥ ಕಥೆ. 1979ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ 'ಪರ್ವ' ಕಾದಂಬರಿಯು ಆ ಕಥೆಯಿಂದ ಪವಾಡಗಳನ್ನು ಕಳೆಯಿತು. ಅಲ್ಲಿ ರಾಕ್ಷಸರೆಂದರೆ ಕಾಡಿನ ಜನ. ಯುದ್ಧವೆಂದರೆ ಹಸಿವು, ಹೊಲಸು, ಹೆಣ. ಅದನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತಿತ್ತು: ಹಾಗಾದರೆ ನಮ್ಮ ಜನ ಇಷ್ಟು ಕಾಲ ಅದ್ಭುತವನ್ನು ಏಕೆ ಉಳಿಸಿಕೊಂಡರು? ಉತ್ತರಕ್ಕಾಗಿ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಎರಡು ಸ್ಥಳಗಳನ್ನು ನೋಡಬಹುದು.

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದು ಪ್ರತೀತಿ. ಭೀಮನು ಬಕಾಸುರನನ್ನು ಅಲ್ಲಿಯ ಬೆಟ್ಟದೊಳಕ್ಕೆ ತುರುಕಿದನಂತೆ. ಶಿವರಾತ್ರಿಯಂದು ಬಂಡೆಯಿಂದ ನೆತ್ತರು ಒಸರುವುದಂತೆ. ಇತಿಹಾಸಕ್ಕೆ ಇದು ಪ್ರಮಾಣವಲ್ಲ, ನಿಜ. ಆದರೆ ಸರದಿಯ ಮೇಲೆ ಮನೆಮನೆಯಿಂದ ಒಬ್ಬೊಬ್ಬರನ್ನು ಬಲಿಗೆ ಕಳುಹಿಸಬೇಕಾದ ಊರಿನ ಭಯ ಸುಳ್ಳಲ್ಲ. ಆ ಭಯಕ್ಕೆ ಜನ ಇಟ್ಟುಕೊಂಡ ಗುರುತು ಆ ನೆತ್ತರು.

ಗೌರಿಬಿದನೂರಿನ ಸಮೀಪದಲ್ಲಿ, ಉತ್ತರ ಪಿನಾಕಿನಿಯ ತೀರದಲ್ಲಿ ವಿದುರಾಶ್ವತ್ಥವಿದೆ. ಅಲ್ಲಿಯ ಅರಳಿಮರವನ್ನು ವಿದುರನೇ ನೆಟ್ಟನೆಂದು ಐತಿಹ್ಯ. ಯುದ್ಧ ಬೇಡವೆಂದು ಧೃತರಾಷ್ಟ್ರನಿಗೆ ಹೇಳಿ ಹೇಳಿ ಸೋತವನು ವಿದುರ. ಅವನ ಹೆಸರಿನ ಆ ಕ್ಷೇತ್ರದಲ್ಲಿ, 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕ 30ನ್ನು ಮೀರಿತು. ಇದು ಅಂತರ್ಯುದ್ಧವಲ್ಲ. ಆದರೂ ಗುಂಡು ಹೊಡೆದವರೂ ಸತ್ತವರೂ ಒಂದೇ ಸಂಸ್ಥಾನದವರು ಎಂಬುದನ್ನು ಮರೆಯುವಂತಿಲ್ಲ.

ಆಮೇಲೆ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆದು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಿಗೆಯಾಯಿತು. ಹೆಣ ಬಿದ್ದ ಮೇಲೆ ಒಪ್ಪಿದ್ದನ್ನು ಮೊದಲೇ ಒಪ್ಪಬಾರದಿತ್ತೆ? ಹಸ್ತಿನಾವತಿಯಲ್ಲಿ ವಿದುರ ಕೇಳಿದ್ದೂ ಇಷ್ಟೇ.

ಆ ಹಳೆಯ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳ ಸಾಲು ಹಾಗೆಯೇ ಇದೆ. ಹರಕೆ ಹೊತ್ತವರು ಬರುತ್ತಾರೆ. ಹುತಾತ್ಮರ ಸ್ಮಾರಕವೂ ಪಕ್ಕದಲ್ಲಿದೆ. ಅದ್ಭುತದ ಕಥೆ ಜನರನ್ನು ಆ ನೆಲಕ್ಕೆ ತಪ್ಪದೆ ಕರೆತರುತ್ತಿದೆ. ಅದನ್ನು ಉಳಿಸಿಕೊಂಡುದರ ಪ್ರಯೋಜನ ಇದೆಂದು ನನ್ನ ಎಣಿಕೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ವಿದುರನ ಕಥೆಯನ್ನು ಹೇಳಲಿ. ಹಾಗೆಯೇ 1938ರ ಆ ಎರಡು ಲೆಕ್ಕಗಳನ್ನೂ ಹೇಳಲಿ.