ಸಕ್ಕರೆ ಇಳಿಯಲಿ, ಮೈ ಇಳಿಯದಿರಲಿ: ಒಂದು ಪಥ್ಯದ ಚರಿತ್ರೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ರಾಗಿಮುದ್ದೆಗೆ ‘ಹಿಟ್ಟು’ ಎಂದೇ ಹೆಸರು. ಹಿಟ್ಟೆಂದರೆ ಬಲ, ಬಲವೆಂದರೆ ಹಿಟ್ಟು. ಹೀಗಿರುವಾಗ ಸಕ್ಕರೆ ಕಾಯಿಲೆ ಬಂದ ಹಿರಿಯರೊಬ್ಬರಿಗೆ ವೈದ್ಯರು “ಮುದ್ದೆ ಅರ್ಧಕ್ಕೆ ಇಳಿಸಿ, ಅನ್ನ ಕಡಿಮೆ ಮಾಡಿ” ಎಂದರೆ ಮನೆಮಂದಿಗೆ ದಿಗಿಲಾಗುವುದು ಸಹಜ. ನಾಲ್ಕಾರು ತಿಂಗಳಲ್ಲಿ ರಕ್ತದ ಸಕ್ಕರೆಯೇನೋ ಇಳಿಯುತ್ತದೆ. ಆದರೆ ಅಂಗಿ ಸಡಿಲವಾಗುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ. “ಯಾಕ್ ತಾತ, ಹಿಂಗೆ ಸೊರಗೋದ್ರಿ?” ಎಂದು ಬೀದಿಯವರೆಲ್ಲ ಕೇಳತೊಡಗುತ್ತಾರೆ. ಬೇಸತ್ತ ತಾತ ಮತ್ತೆ ಎರಡು ಮುದ್ದೆಗೆ ಮರಳುತ್ತಾರೆ.

ಶರ್ಕರಪಿಷ್ಟವನ್ನು ಕಡಿಮೆ ಮಾಡಬೇಕು, ಆದರೆ ತೂಕ ಉಳಿಯಬೇಕು. ಇದು ಸಾಧ್ಯವೇ? ವಿದ್ಯಾರ್ಥಿ ಮಿತ್ರರೇ, ಈ ಪ್ರಶ್ನೆ ಇಂದಿನದಲ್ಲ. ಮಧುಮೇಹದ ಚಿಕಿತ್ಸೆಯ ಚರಿತ್ರೆಯ ಉದ್ದಕ್ಕೂ ಇದು ವೈದ್ಯರನ್ನು ಕಾಡಿದೆ.

ಎರಡು ಬಗೆಯ ರೋಗಿಗಳು

ನಮ್ಮ ಪ್ರಾಚೀನ ವೈದ್ಯರು ಒಂದು ಮುಖ್ಯ ಸಂಗತಿಯನ್ನು ಗಮನಿಸಿದ್ದರು. ಪ್ರಮೇಹದ ರೋಗಿಗಳಲ್ಲಿ ಕೃಶರು ಮತ್ತು ಸ್ಥೂಲರು ಎಂಬ ಎರಡು ಬಗೆಯವರಿದ್ದಾರೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಚರಕ ಸಂಹಿತೆಯು ಕೃಶರಾದವರಿಗೆ ಮೈ ತುಂಬಿಸುವ ಚಿಕಿತ್ಸೆಯನ್ನೇ ವಿಧಿಸುತ್ತದೆ. ಅಂದರೆ ಎಲ್ಲರಿಗೂ ಒಂದೇ ಪಥ್ಯ ಸಲ್ಲದು ಎಂಬ ತಿಳಿವಳಿಕೆ ಅಂದೇ ಇತ್ತು.

ಸಕ್ಕರೆ ಕಾಯಿಲೆಯಲ್ಲಿ ಮೈ ಸೊರಗುವುದೇಕೆ? ಉಂಡ ಪಿಷ್ಟವು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದು ಜೀವಕೋಶಗಳಲ್ಲಿ ಸರಿಯಾಗಿ ಬಳಕೆಯಾಗಲು ಮೇದೋಜ್ಜೀರಕ ಗ್ರಂಥಿಯಲ್ಲಿ ತಯಾರಾಗುವ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಾದಾಗ ಗ್ಲೂಕೋಸ್ ರಕ್ತದಲ್ಲೇ ಉಳಿದು, ಮಿತಿಮೀರಿದಾಗ ಮೂತ್ರದಲ್ಲಿ ಹೊರಬೀಳುತ್ತದೆ. ಹೀಗೆ ಹೋಗುವ ಪ್ರತಿ ಗ್ರಾಂ ಸಕ್ಕರೆಯೊಡನೆ ಸುಮಾರು 4 ಕ್ಯಾಲರಿ ನಷ್ಟ. ಈ ಕೊರತೆ ತುಂಬಲು ದೇಹ ತನ್ನದೇ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸುತ್ತದೆ. 1776ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯ ರೋಗಿಯ ಮೂತ್ರವನ್ನು ಆವಿಯಾಗಿಸಿ, ಉಳಿದದ್ದು ಸಕ್ಕರೆಯೆಂದು ತೋರಿಸಿದ.

ಹಸಿವೆಯೇ ಔಷಧಿಯಾದ ಕಾಲ

ಹೊರಹೋಗುವುದು ಸಕ್ಕರೆಯಾದರೆ, ಸಕ್ಕರೆಯಾಗುವ ಆಹಾರವನ್ನೇ ತಡೆದರಾಯಿತಲ್ಲ! ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೋ 1797ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳು ಇದೇ. ಮೆರೆಡಿತ್ ಎಂಬ ಸೈನ್ಯಾಧಿಕಾರಿಗೆ ಆತ ಮಾಂಸ, ಕೊಬ್ಬು, ಹಾಲು ಪ್ರಧಾನವಾದ ಆಹಾರ ಕೊಟ್ಟು ಗುಣ ಕಂಡ. 1870-71ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರದ ಅಭಾವ ತಲೆದೋರಿದಾಗ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಬುಷಾರ್ದಾ ಎಂಬ ಫ್ರೆಂಚ್ ವೈದ್ಯ ಗಮನಿಸಿದ. ಮಿತವಾಗಿ ಉಣ್ಣಿ, ಮೈಮುರಿದು ದುಡಿಯಿರಿ ಎಂಬುದು ಅವನ ಸಲಹೆಯಾಗಿತ್ತು.

ಈ ವಿಚಾರವನ್ನು ಅದರ ಕೊನೆಯ ಅಂಚಿಗೆ ಒಯ್ದವನು ಅಮೆರಿಕದ ಫ್ರೆಡರಿಕ್ ಅಲೆನ್. 1910ರ ದಶಕದಲ್ಲಿ ಆತ ರೋಗಿಗಳನ್ನು ಮೊದಲು ಉಪವಾಸ ಕೆಡವಿ, ಬಳಿಕ ಮೂತ್ರದಲ್ಲಿ ಸಕ್ಕರೆ ಕಾಣದಷ್ಟೇ ಆಹಾರ ಕೊಡುತ್ತಿದ್ದ. ಅವನ ಆರೈಕೆಯಲ್ಲಿದ್ದ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಗೆ ರೋಗ ಪತ್ತೆಯಾದದ್ದು 1919ರಲ್ಲಿ, 11ರ ವಯಸ್ಸಿನಲ್ಲಿ. ಆಗ ಅವಳ ತೂಕ ಸುಮಾರು 34 ಕಿಲೋ. ಮೂರು ವರ್ಷ ಬೆಳೆಯಬೇಕಾದ ಹುಡುಗಿ 1922ರ ಆಗಸ್ಟ್ ಹೊತ್ತಿಗೆ ಸುಮಾರು 20 ಕಿಲೋಗೆ ಇಳಿದಿದ್ದಳು. ಸಕ್ಕರೆ ಹತೋಟಿಯಲ್ಲಿತ್ತು, ದೇಹ ಮಾತ್ರ ಎಲುಬಿನ ಹಂದರವಾಗಿತ್ತು.

ಅಲೆನ್‌ನನ್ನು ಕ್ರೂರಿ ಎನ್ನುವುದು ನ್ಯಾಯವಲ್ಲ. ಅಂದು ಆ ಮಕ್ಕಳಿಗೆ ಬೇರೆ ದಾರಿಯೇ ಇರಲಿಲ್ಲ. ಉಪವಾಸ ಅವರಿಗೆ ಕೊಂಚ ಕಾಲ ಕೊಟ್ಟಿತು. ಆ ಕಾಲದೊಳಗೆ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮೆಕ್ಲಾಯ್ಡ್ ಮತ್ತು ಕಾಲಿಪ್ ಅವರ ತಂಡ ಇನ್ಸುಲಿನ್ ಸಿದ್ಧಪಡಿಸಿತು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಅದರ ಮೊದಲ ಚುಚ್ಚುಮದ್ದು ಸಿಕ್ಕಿತು. ಅದೇ ವರ್ಷ ಎಲಿಜಬೆತ್‌ಳಿಗೂ ಸಿಕ್ಕಿ, ಅವಳು ಮೈ ತುಂಬಿಕೊಂಡು 1981ರವರೆಗೆ ಬಾಳಿದಳು.

ಇನ್ಸುಲಿನ್ ಬಂದ ಮೇಲೆ ಪಥ್ಯದ ಕಟ್ಟುನಿಟ್ಟು ಸಡಿಲವಾಗುತ್ತ ಹೋಯಿತು, ಪಿಷ್ಟ ತಟ್ಟೆಗೆ ಮರಳಿತು. ಈಗ ಲೋಲಕ ಮತ್ತೆ ಈಚೆಗೆ ತೂಗಿದೆ. ಒಟ್ಟು ಶರ್ಕರಪಿಷ್ಟವನ್ನು ತಗ್ಗಿಸುವುದು ರಕ್ತದ ಸಕ್ಕರೆಯ ಹತೋಟಿಗೆ ನೆರವಾಗುತ್ತದೆಂದು ಅಮೆರಿಕದ ಮಧುಮೇಹ ಸಂಘ 2019ರ ತನ್ನ ವರದಿಯಲ್ಲಿ ಒಪ್ಪಿತು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ನಮ್ಮ ಊಟದ ಶಕ್ತಿಯಲ್ಲಿ ಶೇಕಡ 60ಕ್ಕೂ ಹೆಚ್ಚು ಪಿಷ್ಟದಿಂದಲೇ ಬರುತ್ತಿದೆ.

ಅಕ್ಕಡಿ ಸಾಲಿನ ಪಾಠ

ಈಗ ನಮ್ಮ ಸೀಮೆಗೆ ಮರಳೋಣ. “ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದು” ಎಂಬ ನಂಬಿಕೆ ಇಲ್ಲಿದೆ. ಲೆಕ್ಕ ನೋಡಿ: 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರಾಗಿ ಮೇಲು ನಿಜ, ಸುಣ್ಣದ ಅಂಶವೂ ಅದರಲ್ಲಿ ಹೇರಳ. ಆದರೆ ಎರಡು ದೊಡ್ಡ ಮುದ್ದೆ ಎಂದರೆ ಅದೂ ದೊಡ್ಡ ಪ್ರಮಾಣದ ಪಿಷ್ಟವೇ.

ಹಾಗಾದರೆ ಹಿಂದಿನವರು ಮುದ್ದೆ ಉಂಡು ಹೇಗೆ ಗಟ್ಟಿಯಾಗಿದ್ದರು? ನೇಗಿಲ ಹಿಂದೆ ನಡೆದ ಮೈ ಆ ಪಿಷ್ಟವನ್ನು ಸುಡುತ್ತಿತ್ತು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಹೊಲದಲ್ಲಿದೆ. ಇಲ್ಲಿನ ಖುಷ್ಕಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವ ರೂಢಿ ಇರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುತ್ತಿದ್ದವು. ಹೊಲದಲ್ಲಿ ಜೊತೆಯಾಗಿ ಬೆಳೆದದ್ದು ತಟ್ಟೆಯಲ್ಲೂ ಜೊತೆಯಾಗುತ್ತಿತ್ತು: ಮುದ್ದೆಗೆ ಅವರೆಕಾಳಿನ ಸಾರು, ಹುರುಳಿಯ ಬಸ್ಸಾರು, ಸೊಪ್ಪು, ಹುಚ್ಚೆಳ್ಳು ಪುಡಿ. ರಾಗಿ ಪಿಷ್ಟ ಕೊಟ್ಟರೆ, ಕಾಳು ಸಸಾರಜನಕವನ್ನೂ ಹುಚ್ಚೆಳ್ಳು ಕೊಬ್ಬನ್ನೂ ಕೊಡುತ್ತಿದ್ದವು.

ಕಾಲ ಬದಲಾಯಿತು. ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳ ಕೆಳಗಷ್ಟೇ ಇದ್ದ ಭತ್ತದ ಅನ್ನ, ಹಬ್ಬದ ಊಟವಾಗಿದ್ದದ್ದು, ದಿನದ ಊಟವಾಯಿತು. ಹೇಮಾವತಿ ನಾಲೆಯ ನೀರು ಬಂತು, 2013ರಿಂದ ಅನ್ನಭಾಗ್ಯದ ಅಕ್ಕಿಯೂ ಬಂತು. ಹಸಿವು ನೀಗಿದ್ದು ದೊಡ್ಡ ಲಾಭವೇ. ಆದರೆ ಎಷ್ಟೋ ಹೊಲಗಳಲ್ಲಿ ಅಕ್ಕಡಿ ಸಾಲು ವಿರಳವಾಗಿ, ತಟ್ಟೆಯಲ್ಲಿ ಕಾಳಿನ ಪಾಲು ಕುಗ್ಗಿತು.

ತೆಗೆದದ್ದರ ಜಾಗಕ್ಕೆ ಏನು?

ತಾತ ಸೊರಗಿದ ಕಾರಣ ಈಗ ಸ್ಪಷ್ಟ. ಅವರು ಮುದ್ದೆ ಇಳಿಸಿದರು, ಆ ಜಾಗಕ್ಕೆ ಏನನ್ನೂ ತರಲಿಲ್ಲ. ಅಲೆನ್‌ನ ಉಪವಾಸವನ್ನೇ ಅವರು ಅರಿವಿಲ್ಲದೆ ಅನುಸರಿಸಿದಂತಾಯಿತು. 50 ಗ್ರಾಂ ರಾಗಿಹಿಟ್ಟು ಬಿಟ್ಟರೆ ಸುಮಾರು 160 ಕ್ಯಾಲರಿ ಮತ್ತು 33 ಗ್ರಾಂ ಪಿಷ್ಟ ಕಡಿಮೆಯಾಗುತ್ತದೆ. 30 ಗ್ರಾಂ ಕಡಲೆಕಾಯಿ ಬೀಜ ಹೆಚ್ಚುಕಡಿಮೆ ಅಷ್ಟೇ ಕ್ಯಾಲರಿ ಕೊಡುತ್ತದೆ, ಪಿಷ್ಟ ಮಾತ್ರ ಸುಮಾರು 5 ಗ್ರಾಂ. ಜೊತೆಗೆ 7 ಗ್ರಾಂ ಸಸಾರಜನಕ. ಒಂದು ಗ್ರಾಂ ಪಿಷ್ಟಕ್ಕೆ 4 ಕ್ಯಾಲರಿಯಾದರೆ ಕೊಬ್ಬಿಗೆ 9 ಎಂಬುದೇ ಇದರ ಗುಟ್ಟು. ಮೊಟ್ಟೆ, ಮೊಸರು, ಮೀನು, ಗಟ್ಟಿ ಕಾಳಿನ ಸಾರು, ಹುಚ್ಚೆಳ್ಳು ಪುಡಿ ಇವೂ ಆ ಜಾಗ ತುಂಬಬಲ್ಲವು. ಕಾಳಿನಲ್ಲಿ ಪಿಷ್ಟವೂ ಇದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ತೆಂಗಿನ ನಾಡಿನವರಾದ ನಾವು ಕೊಬ್ಬರಿಯನ್ನು ಮಿತವಾಗಿ ಬಳಸುವುದು ಹೃದಯಕ್ಕೆ ಕ್ಷೇಮ.

ಕೆಲವು ಎಚ್ಚರಿಕೆಗಳು ಅಗತ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪಿಷ್ಟ ಇಳಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಸಸಾರಜನಕ ಹೆಚ್ಚಿಸುವ ಮುನ್ನ ಕೇಳಲೇಬೇಕು. ಮಕ್ಕಳಿಗೆ ಬರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಯಾವ ಪಥ್ಯವೂ ಇನ್ಸುಲಿನ್‌ಗೆ ಬದಲಿಯಲ್ಲ. ಸರಿಯಾಗಿ ಉಣ್ಣುತ್ತಿದ್ದರೂ ತೂಕ ಇಳಿಯುತ್ತಲೇ ಇದ್ದರೆ ಅದು ಊಟದ ಕೊರತೆಯಲ್ಲ, ಇನ್ಸುಲಿನ್ ಕೊರತೆಯೋ ಬೇರೆ ಕಾಯಿಲೆಯೋ ಇರಬಹುದು. ತಡಮಾಡದೆ ಪರೀಕ್ಷಿಸಬೇಕು.

ಓದುಗ ಮಿತ್ರರು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಮನೆಯ ಒಂದು ಮುದ್ದೆಗೆ ಎಷ್ಟು ಗ್ರಾಂ ಹಿಟ್ಟು ಹೋಗುತ್ತದೆಂದು ತೂಗಿ ನೋಡಿ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ತೂಕವನ್ನು ಹದಿನೈದು ದಿನಕ್ಕೊಮ್ಮೆ, ರಕ್ತದ ಸಕ್ಕರೆಯ ಅಂಕಿಯನ್ನು ಅದರ ಪಕ್ಕದಲ್ಲೇ, ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಅವರ ಕೈಯಲ್ಲಿರಲಿ.